ಆಸ್ಪತ್ರೆಯ ಕೊಳಚೆ ನೀರು ಹಳ್ಳವನ್ನು ಕೆಡಿಸುತ್ತಿದೆಯೇ? ಕಂಡುಹಿಡಿಯುವ ಬಗೆ

ಆಸ್ಪತ್ರೆಯ ಪೈಪಿನಿಂದ ಹಳ್ಳಕ್ಕೆ ಬೀಳುವ ನೀರು ಎಷ್ಟೋ ಸಲ ತಿಳಿಯಾಗಿಯೇ ಇರುತ್ತದೆ. ಬಣ್ಣ ಕಪ್ಪಲ್ಲ, ನೊರೆ ಇಲ್ಲ, ಮೂಗು ಮುಚ್ಚಿಕೊಳ್ಳುವಂಥ ನಾತವೂ ಇಲ್ಲ. ಒಂದಿಷ್ಟು ಕ್ಲೋರಿನ್ ವಾಸನೆ ಬಂದರೆ "ಔಷಧಿ ಹಾಕಿದ್ದಾರೆ, ಪರವಾಗಿಲ್ಲ" ಅಂದುಕೊಂಡು ಮುಂದೆ ಹೋಗುತ್ತೇವೆ. ನನಗೆ ಜಾಸ್ತಿ ಆತಂಕ ತರುವುದು ಇಂಥ ನೀರೇ. ಕಪ್ಪು ಚರಂಡಿ ತನ್ನ ಕೇಡನ್ನು ತಾನೇ ಹೇಳಿಕೊಳ್ಳುತ್ತದೆ. ಇದು ಹೇಳುವುದಿಲ್ಲ. ನಾವೇ ಕೇಳಬೇಕು, ಅದೂ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ.

ಹಳ್ಳ, ಕೆರೆ, ಹೊಳೆಯ ಪಕ್ಕ ಬದುಕುವವರು, ಕಾಲೇಜಿನ ಹುಡುಗರು, ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾ ಈ ಬಗ್ಗೆ ಯೋಚಿಸುವವರು, ಯಾರು ಬೇಕಾದರೂ ಈ ಹಂತಗಳನ್ನು ಅನುಸರಿಸಬಹುದು. ಕೆಲವು ಪರೀಕ್ಷೆಗಳಿಗೆ ಲ್ಯಾಬ್ ಬೇಕು. ಅರ್ಧದಷ್ಟು ಕೆಲಸಕ್ಕೆ ಕಣ್ಣು, ಗಡಿಯಾರ, ಅಳತೆ ಟೇಪು ಸಾಕು.

ಮೊದಲು, ಆ ನೀರಿನಲ್ಲಿ ಏನಿರುತ್ತದೆ

ಆಸ್ಪತ್ರೆಯ ನೀರಿನ ಬಹುಪಾಲು ಮನೆಯ ಕೊಳಚೆಯಂಥದ್ದೇ. ಶೌಚಾಲಯ, ಸ್ನಾನ, ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ. ಉಳಿದ ಸ್ವಲ್ಪ ಭಾಗದಲ್ಲಿ ವ್ಯತ್ಯಾಸ ಇದೆ. ರೋಗಿಯ ದೇಹದಿಂದ ಹೊರಬರುವ ಆಂಟಿಬಯೋಟಿಕ್‌ಗಳು, ಕ್ಯಾನ್ಸರ್ ಔಷಧಿಗಳು, ನೆಲ ಒರೆಸುವ ಮತ್ತು ಉಪಕರಣ ತೊಳೆಯುವ ಸೋಂಕುನಾಶಕಗಳು, ಲ್ಯಾಬಿನ ರಾಸಾಯನಿಕಗಳು, ಹಲ್ಲಿನ ಕುಳಿ ತುಂಬುವ ಅಮಾಲ್ಗಮ್ ಎಂಬ ಮಿಶ್ರಲೋಹದಿಂದ ಬರುವ ಪಾದರಸ, ಇವೆಲ್ಲ ಅದರಲ್ಲಿ ಸೇರುತ್ತವೆ.

ಸ್ಕ್ಯಾನ್ ಮಾಡುವಾಗ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಕೊಡುವ ಕಾಂಟ್ರಾಸ್ಟ್ ದ್ರವವನ್ನೇ ತೆಗೆದುಕೊಳ್ಳಿ. ಸಿಟಿ ಸ್ಕ್ಯಾನ್‌ನ ಒಂದು ಇಂಜೆಕ್ಷನ್‌ನಲ್ಲಿ 30 ಗ್ರಾಂ ಅಯೋಡಿನ್ ಇರಬಹುದು. ಅದರ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಗೆ ಬರುತ್ತದೆ. ದೇಹದಲ್ಲಿ ಕರಗಿ ಬದಲಾಗಬಾರದು ಎಂದೇ ತಯಾರಿಸಿದ ವಸ್ತು ಅದು. ಹಾಗಾಗಿ ಶುದ್ಧೀಕರಣ ಘಟಕದಲ್ಲೂ ಸುಲಭಕ್ಕೆ ಒಡೆಯುವುದಿಲ್ಲ. ಎಂಆರ್‌ಐಗೆ ಬಳಸುವ ಗ್ಯಾಡೊಲಿನಿಯಂ ಕೂಡ ಹೀಗೆಯೇ. ಬಾವ್ ಮತ್ತು ಡುಲ್ಸ್ಕಿ ಎಂಬ ವಿಜ್ಞಾನಿಗಳು 1996ರಲ್ಲಿ ಜರ್ಮನಿಯ ನದಿಗಳಲ್ಲಿ ಈ ಲೋಹ ಸಹಜಕ್ಕಿಂತ ಹೆಚ್ಚಿರುವುದನ್ನು ತೋರಿಸಿದರು. ಕಾರಣ ಹುಡುಕುತ್ತಾ ಹೋದರೆ ಸಿಕ್ಕಿದ್ದು ಎಂಆರ್‌ಐ ಸ್ಕ್ಯಾನ್.

ಒಂದು ಮಾತನ್ನು ಇಲ್ಲೇ ಹೇಳಬೇಕು. ನದಿ ಸೇರುವ ಔಷಧಿಯೆಲ್ಲ ಆಸ್ಪತ್ರೆಯದ್ದಲ್ಲ. ಜನ ಹೆಚ್ಚಿನ ಮಾತ್ರೆಗಳನ್ನು ನುಂಗುವುದು ಮನೆಯಲ್ಲಿ. ನೋವಿನ ಮಾತ್ರೆ, ರಕ್ತದೊತ್ತಡದ ಮಾತ್ರೆಗಳ ಅಂಶ ಮುಖ್ಯವಾಗಿ ಮನೆಗಳ ಚರಂಡಿಯಿಂದಲೇ ಬರುತ್ತದೆ. ಕಾಂಟ್ರಾಸ್ಟ್ ದ್ರವ, ಕೊನೆಯ ಅಸ್ತ್ರವಾಗಿ ಕೊಡುವ ಬಲವಾದ ಆಂಟಿಬಯೋಟಿಕ್, ಕೆಲವು ಕ್ಯಾನ್ಸರ್ ಔಷಧಿ, ಇವುಗಳಲ್ಲಿ ಆಸ್ಪತ್ರೆಯ ಪಾಲು ದೊಡ್ಡದು. ಪಕ್ಕದಲ್ಲಿ ಆಸ್ಪತ್ರೆ ಇದೆ ಎಂದ ಮಾತ್ರಕ್ಕೆ ಸುಮ್ನೆ ಅದರ ಮೇಲೆ ಬೆರಳು ತೋರಿಸುವುದು ಸರಿಯಲ್ಲ, ಅಲ್ವಾ? ಅದಕ್ಕೇ ಈ ಹಂತಗಳು.

ಹಂತ 1: ನೀರಿನ ದಾರಿ ಬರೆದುಕೊಳ್ಳಿ

ಬಾಟಲಿ ಹಿಡಿಯುವ ಮೊದಲು ಒಂದು ನಕ್ಷೆ ಬೇಕು. ಕೈಯಲ್ಲಿ ಗೀಚಿದ್ದಾದರೂ ಸಾಕು. ಆಸ್ಪತ್ರೆಯ ನೀರು ನೇರವಾಗಿ ಹಳ್ಳಕ್ಕೆ ಬೀಳುತ್ತದೆಯೇ, ಅಲ್ಲೇ ಇರುವ ಶುದ್ಧೀಕರಣ ಘಟಕದ ಮೂಲಕ ಬರುತ್ತದೆಯೇ, ಅಥವಾ ಊರಿನ ಒಳಚರಂಡಿಗೆ ಸೇರಿ ಎಲ್ಲೋ ದೂರದಲ್ಲಿ ನದಿ ಸೇರುತ್ತದೆಯೇ? ಮೂರನೆಯದಾದರೆ ಆಸ್ಪತ್ರೆಯ ಪಕ್ಕದ ಹಳ್ಳವನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಆ ಒಳಚರಂಡಿ ಕೊನೆಯಾಗುವ ಜಾಗಕ್ಕೆ ಹೋಗಬೇಕು.

ಮಳೆಯಲ್ಲಿ ಒಮ್ಮೆ ಹೋಗಿ ನೋಡಿ. ಮಳೆ ನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಹರಿಯುವ ಕಡೆ, ಜೋರು ಮಳೆಗೆ ಅದು ತುಂಬಿ ಶುದ್ಧಿಯಾಗದ ನೀರು ಹೊರಗೆ ಉಕ್ಕುತ್ತದೆ. ಮಳೆ ಇಲ್ಲದ ದಿನವೂ ಮಳೆ ನೀರಿನ ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ, ಯಾರದೋ ಪೈಪು ಅದಕ್ಕೆ ಸೇರಿಕೊಂಡಿರುವ ಅನುಮಾನ ಬರಬೇಕು.

ನಕ್ಷೆಯಲ್ಲಿ ಬೇರೆ ಮೂಲಗಳನ್ನೂ ಗುರುತಿಸಿ. ಮನೆಗಳ ಮೋರಿ, ದನದ ಕೊಟ್ಟಿಗೆ, ಕಾರ್ಖಾನೆ, ಗದ್ದೆಯ ನೀರು. ಮುಂದೆ ಇವುಗಳೇ ನಿಮ್ಮ ಲೆಕ್ಕವನ್ನು ಗೊಂದಲಕ್ಕೆ ತಳ್ಳುವುದು.

ಹಂತ 2: ಹಳ್ಳದಲ್ಲಿ ಎಷ್ಟು ನೀರಿದೆ ಅಳೆಯಿರಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆದರೆ ಕೊಳಚೆಯ ಪರಿಣಾಮವನ್ನು ನಿರ್ಧರಿಸುವುದು ಅದು ಬೆರೆಯುವ ನೀರಿನ ಪ್ರಮಾಣ.

ನೇರವಾಗಿ ಹರಿಯುವ ಒಂದು ತುಂಡನ್ನು ಆರಿಸಿ 10 ಮೀಟರ್ ಅಳೆದುಕೊಳ್ಳಿ. ಒಂದು ಕಿತ್ತಳೆ ಹಣ್ಣನ್ನೋ ಮರದ ತುಂಡನ್ನೋ ತೇಲಿಬಿಟ್ಟು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ ನೋಡಿ. ಅಗಲ 2 ಮೀಟರ್, ಸರಾಸರಿ ಆಳ 25 ಸೆಂಟಿಮೀಟರ್, ದಾಟಲು 40 ಸೆಕೆಂಡ್ ಹಿಡಿಯಿತು ಎನ್ನಿ. ವೇಗ ಸೆಕೆಂಡಿಗೆ 0.25 ಮೀಟರ್. ಮೇಲ್ಮೈಗಿಂತ ತಳದಲ್ಲಿ ನೀರು ನಿಧಾನವಾಗಿರುವುದರಿಂದ 0.85ರಿಂದ ಗುಣಿಸಬೇಕು. 2 × 0.25 × 0.25 × 0.85 ಎಂದರೆ ಸುಮಾರು 0.106 ಘನ ಮೀಟರ್. ಅಂದರೆ ಸೆಕೆಂಡಿಗೆ ನೂರು ಲೀಟರ್ ಚಿಲ್ಲರೆ.

ಈಗ ಬೆರಕೆಯ ಲೆಕ್ಕ. ಹಳ್ಳದಲ್ಲಿ ಸೆಕೆಂಡಿಗೆ 100 ಲೀಟರ್ ನೀರು, ಅದರ ಬಿಓಡಿ ಲೀಟರಿಗೆ 2 ಮಿಲಿಗ್ರಾಂ ಎಂದುಕೊಳ್ಳಿ. ಬಿಓಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ. ಅದನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ದಿನ ಇಟ್ಟು ಅಳೆಯುತ್ತಾರೆ. ಪೈಪಿನಿಂದ ಸೆಕೆಂಡಿಗೆ 5 ಲೀಟರ್ ಬರುತ್ತಿದ್ದು ಅದರ ಬಿಓಡಿ 200 ಆಗಿದ್ದರೆ, ಬೆರೆತ ಮೇಲೆ ಹಳ್ಳದ ಬಿಓಡಿ ಸುಮಾರು 11 ಆಗುತ್ತದೆ. ಬೇಸಿಗೆಯಲ್ಲಿ ಅದೇ ಹಳ್ಳ 20 ಲೀಟರಿಗೆ ಇಳಿದರೆ? ಸುಮಾರು 42. ಆಸ್ಪತ್ರೆ ಒಂದು ಹನಿಯನ್ನೂ ಹೆಚ್ಚು ಬಿಟ್ಟಿಲ್ಲ. ಹಳ್ಳ ಸಣ್ಣಗಾಯಿತು, ಅಷ್ಟೇ. ಆದ್ದರಿಂದ ಮಳೆಗಾಲದ ಒಂದೇ ಪರೀಕ್ಷೆಯನ್ನು ನಂಬಿ "ಎಲ್ಲ ಸರಿ ಇದೆ" ಎಂದು ಬರೆಯಬೇಡಿ.

ಹಂತ 3: ಎಲ್ಲಿ, ಯಾವಾಗ ನೀರು ತೆಗೆಯಬೇಕು

ಕನಿಷ್ಠ ನಾಲ್ಕು ಜಾಗ ಬೇಕು. ಪೈಪಿಗಿಂತ ಮೇಲ್ಗಡೆ ಒಂದು. ಪೈಪಿನ ಬಾಯಲ್ಲಿ ಒಂದು. ಕೆಳಗೆ, ನೀರು ಪೂರ್ತಿ ಬೆರೆತ ಕಡೆ ಒಂದು. ಇನ್ನೂ ದೂರ ಕೆಳಗೆ ಒಂದು.

ಇವುಗಳಲ್ಲಿ ಮೇಲ್ಗಡೆಯದ್ದೇ ಬಹಳ ಮುಖ್ಯ. ನಾನು ಮೊದಲ ಸಲ ಹೋದಾಗ ಪೈಪಿನ ಕೆಳಗಿನ ನೀರನ್ನಷ್ಟೇ ತಂದಿದ್ದೆ. ಲ್ಯಾಬಿನವರು ಕೊಟ್ಟ ಅಂಕಿ ಕೈಯಲ್ಲಿತ್ತು, ಆದರೆ ಅದರಿಂದ ಏನನ್ನೂ ಹೇಳಲು ಆಗಲಿಲ್ಲ. ಆ ಕೊಳೆ ಮೇಲಿನಿಂದಲೇ ಬಂದಿತ್ತೋ ಇಲ್ಲಿ ಸೇರಿತೋ ಗೊತ್ತಾಗುವ ದಾರಿಯೇ ಇರಲಿಲ್ಲ. ಇಡೀ ದಿನದ ಕೆಲಸ ವ್ಯರ್ಥವಾಯಿತು.

ನೀರು ಎಲ್ಲಿ ಪೂರ್ತಿ ಬೆರೆತಿದೆ ಎಂದು ತಿಳಿಯುವುದು ಹೇಗೆ? ಪೈಪಿನ ನೀರು ಬಹಳ ದೂರ ದಡಕ್ಕೆ ಅಂಟಿಕೊಂಡೇ ಹರಿಯಬಹುದು. ವಿದ್ಯುತ್ ವಾಹಕತೆ ಅಳೆಯುವ ಸಣ್ಣ ಮೀಟರ್ ಇದ್ದರೆ ಎಡದಡ, ನಡು, ಬಲದಡ ಮೂರು ಕಡೆ ಅದ್ದಿ ನೋಡಿ. ನೀರಿನಲ್ಲಿ ಉಪ್ಪಿನಂಶ ಹೆಚ್ಚಿದಷ್ಟೂ ಈ ಅಂಕಿ ಏರುತ್ತದೆ. ಮೂರೂ ಕಡೆ ಒಂದೇ ಅಂಕಿ ಬಂದರೆ ಬೆರೆತಿದೆ ಎಂದರ್ಥ. ಬರದಿದ್ದರೆ ಇನ್ನೂ ಕೆಳಗೆ ಹೋಗಿ.

ಹೊತ್ತಿನ ವಿಷಯಕ್ಕೆ ಬಂದರೆ, ಆಸ್ಪತ್ರೆಯ ನೀರು ದಿನವಿಡೀ ಒಂದೇ ಸಮ ಇರುವುದಿಲ್ಲ. ಬೆಳಗ್ಗೆ ಸ್ನಾನ, ನೆಲ ಒರೆಸುವುದು, ಬಟ್ಟೆ ಒಗೆಯುವುದು ಶುರುವಾದಾಗ ಏರುತ್ತದೆ, ನಡುರಾತ್ರಿ ಇಳಿಯುತ್ತದೆ. ಒಂದು ಬಾಟಲಿ ಆ ಒಂದು ಕ್ಷಣದ ಚಿತ್ರ ಮಾತ್ರ. ಸಾಧ್ಯವಾದರೆ ಎರಡು ಗಂಟೆಗೊಮ್ಮೆ ತೆಗೆದ ನೀರನ್ನು ಸೇರಿಸಿ ಒಂದು ಮಾದರಿ ಮಾಡಿ. ರೋಗಾಣು ಪರೀಕ್ಷೆಗೆ ಮಾತ್ರ ಹೀಗೆ ಸೇರಿಸಬಾರದು.

ಕರಗಿದ ಆಮ್ಲಜನಕವನ್ನು ಬೆಳಗಿನ ಜಾವ, ಸೂರ್ಯ ಹುಟ್ಟುವ ಮುಂಚೆ ಅಳೆಯಿರಿ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಕೊಳಚೆಯ ಗೊಬ್ಬರದಿಂದ ಪಾಚಿ ಬೆಳೆದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ತುಂಬಿ ತುಳುಕುತ್ತಿರುತ್ತದೆ, ಬೆಳಗಿನ ಜಾವಕ್ಕೆ ಮೀನು ಸಾಯುವಷ್ಟು ಕಡಿಮೆಯಾಗುತ್ತದೆ. ಮಧ್ಯಾಹ್ನ ಅಳೆದವರಿಗೆ ಮೀನು ಯಾಕೆ ಸತ್ತಿತು ಎಂಬುದು ಗೊತ್ತೇ ಆಗುವುದಿಲ್ಲ.

ಹಂತ 4: ನೀರು ತೆಗೆಯುವ ಕ್ರಮ

ಕೈಗವಸು, ಬೂಟು ಇಲ್ಲದೆ ಇಳಿಯಬೇಡಿ. ಕೈಕಾಲಿನಲ್ಲಿ ಗಾಯವಿದ್ದರೆ ಬೇರೆಯವರನ್ನು ಕಳಿಸಿ. ಪೈಪಿನ ಬಾಯಿಯ ಕೆಸರಿನಲ್ಲಿ ಸೂಜಿ ಇರಬಹುದು, ಅಲ್ಲಿ ಕೈ ಹಾಕಲೇಬೇಡಿ, ಕೋಲಿಗೆ ಬಾಟಲಿ ಕಟ್ಟಿ ತೆಗೆಯಿರಿ. ಒಬ್ಬರೇ ಹೋಗುವುದೂ ಬೇಡ. ಆಸ್ಪತ್ರೆಯ ಆವರಣದೊಳಗೆ ಅನುಮತಿ ಇಲ್ಲದೆ ಹೋಗಬಾರದು.

ಮೊದಲು ಕೆಳಗಡೆ, ಆಮೇಲೆ ಮೇಲ್ಗಡೆ ತೆಗೆಯಿರಿ. ನೀವು ಕಲಕಿದ ಕೆಸರು ಮುಂದಿನ ಬಾಟಲಿಗೆ ಬರಬಾರದು. ಇಳಿದು ನಿಂತಾಗ ಬಾಟಲಿಯ ಬಾಯಿ ನೀರು ಬರುವ ದಿಕ್ಕಿಗಿರಲಿ, ನೀವು ಅದರ ಹಿಂದೆ ಇರಿ.

ಎಲ್ಲ ಪರೀಕ್ಷೆಗೂ ಒಂದೇ ಬಾಟಲಿ ಆಗುವುದಿಲ್ಲ. ರೋಗಾಣುವಿಗೆ ಸ್ಟೆರೈಲ್ ಬಾಟಲಿ, ಅದರಲ್ಲಿ ಕ್ಲೋರಿನ್ ಕೆಲಸವನ್ನು ನಿಲ್ಲಿಸುವ ಸೋಡಿಯಂ ಥಯೋಸಲ್ಫೇಟ್ ಮೊದಲೇ ಹಾಕಿರಬೇಕು. ಔಷಧಿಯ ಅಂಶಕ್ಕೆ ಬೆಳಕು ತೂರದ ಕಂದು ಗಾಜಿನ ಬಾಟಲಿ. ಲೋಹಕ್ಕೆ ಆಮ್ಲ ಹಾಕಿ ಕೊಟ್ಟಿರುವ ಬೇರೆ ಬಾಟಲಿ. ಇವನ್ನು ಲ್ಯಾಬಿನವರೇ ಕೊಡುತ್ತಾರೆ, ಮುಂಚೆಯೇ ಕೇಳಿ ತೆಗೆದುಕೊಳ್ಳಿ. ಉಷ್ಣತೆ, ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ), ಕರಗಿದ ಆಮ್ಲಜನಕ, ಉಳಿದ ಕ್ಲೋರಿನ್, ಈ ನಾಲ್ಕನ್ನು ದಡದಲ್ಲೇ ಅಳೆಯಬೇಕು, ಲ್ಯಾಬ್ ತಲುಪುವಷ್ಟರಲ್ಲಿ ಇವು ಬದಲಾಗಿರುತ್ತವೆ. ಉಳಿದದ್ದನ್ನು ಐಸ್ ಬಾಕ್ಸ್‌ನಲ್ಲಿಟ್ಟು ಅದೇ ದಿನ ಮುಟ್ಟಿಸಿ. ರೋಗಾಣು ಪರೀಕ್ಷೆಯ ಮಾದರಿ 6 ಗಂಟೆಯೊಳಗೆ ತಲುಪಿದರೆ ಒಳ್ಳೆಯದು. ಜಾಗ, ದಿನ, ಹೊತ್ತು, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನು ಬಾಟಲಿಯ ಮೇಲೂ ಪುಸ್ತಕದಲ್ಲೂ ಬರೆಯಿರಿ.

ಹಂತ 5: ಲ್ಯಾಬಿನವರಿಗೆ ಏನು ಹೇಳಬೇಕು

ಸಾಮಾನ್ಯ ಕೊಳಚೆಗೆ ಮಾಡುವ ಪರೀಕ್ಷೆಗಳನ್ನೇ ಮಾಡಿ ಕೈಬಿಟ್ಟರೆ ಆಸ್ಪತ್ರೆಯ ನೀರು ನಮ್ಮನ್ನು ಮೋಸಗೊಳಿಸುತ್ತದೆ. ಹೇಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಿಓಡಿ ಪರೀಕ್ಷೆಯಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ನೀರಿನಲ್ಲಿ ಕ್ಲೋರಿನ್ನೋ ಬೇರೆ ಸೋಂಕುನಾಶಕವೋ ಆಂಟಿಬಯೋಟಿಕ್ಕೋ ಇದ್ದರೆ ಆ ಬ್ಯಾಕ್ಟೀರಿಯಾ ಸಾಯುತ್ತದೆ ಇಲ್ಲವೇ ಮಂಕಾಗುತ್ತದೆ. ಆಮ್ಲಜನಕ ಖರ್ಚಾಗುವುದಿಲ್ಲ. ವರದಿಯಲ್ಲಿ ಬಿಓಡಿ ಕಡಿಮೆ ಬರುತ್ತದೆ, ಓದಿದವರು ನೀರು ಶುದ್ಧ ಅಂದುಕೊಳ್ಳುತ್ತಾರೆ. ವಿಷ ಇರುವುದರಿಂದಲೇ ನೀರು ಚೆನ್ನಾಗಿ ಕಾಣಿಸಿತು! ಅದಕ್ಕೆ ಮೂರು ವಿಷಯ ಕೇಳಿ. ಪರೀಕ್ಷೆಗೆ ಮೊದಲು ಕ್ಲೋರಿನ್ ತೆಗೆಯಲಿ. ಹೊರಗಿನಿಂದ ಆರೋಗ್ಯವಂತ ಬ್ಯಾಕ್ಟೀರಿಯಾ ಸೇರಿಸಲಿ. ಒಂದೇ ಮಾದರಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ತೆಳು ಮಾಡಿ ನೋಡಲಿ. ತೆಳು ಮಾಡಿದಷ್ಟೂ ಬಿಓಡಿ ಲೆಕ್ಕ ಏರುತ್ತಾ ಹೋದರೆ, ಬ್ಯಾಕ್ಟೀರಿಯಾವನ್ನು ತಡೆಯುವ ಏನೋ ಅದರಲ್ಲಿದೆ ಎಂಬ ಸುಳಿವು ಅದು.

ಜೊತೆಗೆ ಸಿಓಡಿಯನ್ನೂ ಮಾಡಿಸಿ. ಅದು ಕೊಳೆಗೆ ಬೇಕಾಗುವ ಆಮ್ಲಜನಕವನ್ನು ರಾಸಾಯನಿಕದಿಂದ ಅಳೆಯುವ ಪರೀಕ್ಷೆ, ಬ್ಯಾಕ್ಟೀರಿಯಾದ ಹಂಗಿಲ್ಲ. ಶುದ್ಧೀಕರಿಸದ ಮನೆಯ ಕೊಳಚೆಯಲ್ಲಿ ಬಿಓಡಿ ಸಾಮಾನ್ಯವಾಗಿ ಸಿಓಡಿಯ ಅರ್ಧದ ಆಸುಪಾಸಿನಲ್ಲಿರುತ್ತದೆ. ಆಸ್ಪತ್ರೆಯ ಕಚ್ಚಾ ನೀರಿನಲ್ಲಿ ಅದು ತೀರಾ ಕೆಳಗಿದ್ದರೆ ಸುಲಭಕ್ಕೆ ಕೊಳೆಯದ ವಸ್ತು ಅಥವಾ ವಿಷ ಇದೆ ಎಂದು ಅನುಮಾನಿಸಿ.

ಇನ್ನು ರೋಗಾಣು. ಕರುಳಿನಲ್ಲಿ ಬದುಕುವ ಇ. ಕೋಲಿ ಬ್ಯಾಕ್ಟೀರಿಯಾದ ಎಣಿಕೆಯಿಂದ ಮಲ ಸೇರಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಆಸ್ಪತ್ರೆಯ ನೀರಿನಲ್ಲಿ ನಮಗೆ ಬೇಕಾದದ್ದು ಅದರಲ್ಲಿ ಎಷ್ಟು ಔಷಧಿಗೆ ಬಗ್ಗದವು ಎಂಬುದು. ಇದಕ್ಕೆ ಸರಳ ದಾರಿ ಇದೆ. ಒಂದೇ ನೀರನ್ನು ಎರಡು ತಟ್ಟೆಗಳಲ್ಲಿ ಬೆಳೆಸುವುದು, ಒಂದರಲ್ಲಿ ಆಂಟಿಬಯೋಟಿಕ್ ಇಲ್ಲ, ಇನ್ನೊಂದರಲ್ಲಿ ಸೆಫೋಟಾಕ್ಸಿಮ್ ಎಂಬ ಆಂಟಿಬಯೋಟಿಕ್ ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಟ್ರೈಸೈಕಲ್ ಎಂಬ ವಿಧಾನ ಇದೇ ತತ್ವದ್ದು. ಎರಡನೇ ತಟ್ಟೆಯಲ್ಲಿ ಬೆಳೆದದ್ದು ಮೊದಲನೆಯದರಲ್ಲಿ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ, ಮೇಲ್ಗಡೆಗೂ ಕೆಳಗಡೆಗೂ ಹೋಲಿಸಿ. ದುಬಾರಿ ಯಂತ್ರ ಇಲ್ಲದ ಲ್ಯಾಬಿನಲ್ಲೂ ಇದು ಸಾಧ್ಯ.

ಅಮೋನಿಯಾ, ಫಾಸ್ಫೇಟ್, ಪಾದರಸ ಸೇರಿಸಿ. ಔಷಧಿಗಳನ್ನು ನೇರವಾಗಿ ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕು, ಅದು ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕರೆ ಸಿಪ್ರೊಫ್ಲಾಕ್ಸಸಿನ್ (ಒಂದು ಆಂಟಿಬಯೋಟಿಕ್), ಕಾರ್ಬಮಜೆಪಿನ್ (ಮೂರ್ಛೆ ರೋಗದ ಔಷಧಿ), ಅಯೋಡಿನ್ ಕಾಂಟ್ರಾಸ್ಟ್, ಗ್ಯಾಡೊಲಿನಿಯಂ ಕೇಳಿ. ಸಿಪ್ರೊಫ್ಲಾಕ್ಸಸಿನ್ ಕೆಸರಿಗೆ ಅಂಟಿಕೊಳ್ಳುವ ಸ್ವಭಾವದ್ದು. ನೀರಿನಲ್ಲಿ ಸಿಗಲಿಲ್ಲ ಎಂದು ಬಿಡಬೇಡಿ, ತಳದ ಕೆಸರನ್ನೂ ಕಳಿಸಿ.

ಹಂತ 6: ಅಂಕಿಗಳನ್ನು ಓದುವುದು

ಮೇಲ್ಗಡೆಗೂ ಕೆಳಗಡೆಗೂ ಇರುವ ವ್ಯತ್ಯಾಸವನ್ನು ಓದಿ. ಹಂತ 2ರ ಬೆರಕೆ ಲೆಕ್ಕದಿಂದ ಬಂದ ಅಂದಾಜಿಗೂ ಲ್ಯಾಬಿನ ಅಂಕಿಗೂ ತಾಳೆಯಾದರೆ, ಕೊಳೆ ಆ ಪೈಪಿನದ್ದೇ ಎಂದು ಧೈರ್ಯವಾಗಿ ಹೇಳಬಹುದು. ಲ್ಯಾಬಿನ ಅಂಕಿ ಅಂದಾಜಿಗಿಂತ ಬಹಳ ಹೆಚ್ಚಿದ್ದರೆ ನಡುವೆ ಇನ್ನೊಂದು ಮೂಲ ಇದೆ. ನಕ್ಷೆ ತೆಗೆದು ಮತ್ತೆ ಹುಡುಕಿ.

ಆಮ್ಲಜನಕಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. 25 ಡಿಗ್ರಿ ಬೆಚ್ಚಗಿನ ಶುದ್ಧ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳಬಲ್ಲದು. 5ಕ್ಕಿಂತ ಇಳಿದರೆ ಅನೇಕ ಮೀನುಗಳಿಗೆ ಕಷ್ಟ, 2ಕ್ಕೆ ಬಂದರೆ ಹೆಚ್ಚಿನವು ಬದುಕುವುದಿಲ್ಲ. ಆದರೆ ಅತಿ ಕಡಿಮೆ ಆಮ್ಲಜನಕ ಪೈಪಿನ ಬಾಯಲ್ಲೇ ಇರಬೇಕೆಂದಿಲ್ಲ. ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನಲು ಹೊತ್ತು ಬೇಕು, ಅಷ್ಟರಲ್ಲಿ ನೀರು ಮುಂದೆ ಹರಿದಿರುತ್ತದೆ. ನಾಲ್ಕನೇ ಜಾಗ ಬೇಕು ಎಂದದ್ದು ಇದಕ್ಕೇ.

ಅಮೋನಿಯಾವನ್ನು ಪಿಎಚ್ ಜೊತೆಗೇ ಓದಬೇಕು. ಮೀನಿಗೆ ಹೆಚ್ಚು ವಿಷವಾದ ರೂಪ 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಶೇಕಡಾ 1ರಷ್ಟೂ ಇರುವುದಿಲ್ಲ. ಪಿಎಚ್ 8ಕ್ಕೆ ಶೇಕಡಾ 5, 9ಕ್ಕೆ ಶೇಕಡಾ 36ರ ಹತ್ತಿರ ಆಗುತ್ತದೆ. ವರದಿಯಲ್ಲಿ ಅಮೋನಿಯಾ ಅಂಕಿ ಒಂದೇ ಇದ್ದರೂ ಹಳ್ಳ ಬೇರೆಯಾದರೆ ಅಪಾಯವೂ ಬೇರೆ. ಕ್ಲೋರಿನ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಲೀಟರಿಗೆ ಮಿಲಿಗ್ರಾಮಿನ ನೂರನೇ ಕೆಲವು ಭಾಗದಷ್ಟು ಉಳಿದರೂ ನೀರಿನ ಜೀವಿಗಳಿಗೆ ಅದು ವಿಷ.

"ಔಷಧಿ ಇರುವುದು ನ್ಯಾನೊಗ್ರಾಂ ಲೆಕ್ಕದಲ್ಲಿ, ಅದೇನು ಮಾಡೀತು?" ಎಂದು ನಿಮ್ಮನ್ನು ಕೇಳುವವರು ಇರುತ್ತಾರೆ. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಕೆನಡಾದ ಒಂಟಾರಿಯೊದಲ್ಲಿ, ಪ್ರಯೋಗಕ್ಕೆಂದೇ ಮೀಸಲಿಟ್ಟ ಒಂದು ಸರೋವರಕ್ಕೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಲೀಟರಿಗೆ 5-6 ನ್ಯಾನೊಗ್ರಾಂ ಇರುವಂತೆ ಸೇರಿಸಿದರು. ಗಂಡು ಮೀನುಗಳು ಹೆಣ್ಣಿನ ಲಕ್ಷಣ ತಾಳಿದವು. ಅಲ್ಲಿದ್ದ ಫ್ಯಾಟ್‌ಹೆಡ್ ಮಿನೊ ಎಂಬ ಸಣ್ಣ ಮೀನಿನ ಸಂತತಿ ಹೆಚ್ಚುಕಡಿಮೆ ನಾಶವಾಯಿತು. ಆ ಹಾರ್ಮೋನ್ ಮುಖ್ಯವಾಗಿ ಮನೆಗಳಿಂದ ಬರುವಂಥದ್ದು, ಒಪ್ಪೋಣ. ಆದರೆ ಕಡಿಮೆ ಎಂಬ ಮಾತಿಗೆ ಅರ್ಥ ಬರುವುದು ವಸ್ತು ಯಾವುದು ಎಂದು ಕೇಳಿದ ಮೇಲೆಯೇ.

ಹಂತ 7: ನೀರಿನ ಜೀವಿಗಳನ್ನು ನೋಡಿ

ಕಲ್ಲುಗಳನ್ನು ಎತ್ತಿ ತಿರುಗಿಸಿ ನೋಡಿ. ಮೇಲ್ಗಡೆ ಆಮ್ಲಜನಕ ಚೆನ್ನಾಗಿರುವ ನೀರನ್ನು ಬಯಸುವ ಮೇಫ್ಲೈ, ಸ್ಟೋನ್‌ಫ್ಲೈ ಹುಳುಗಳ ಮರಿಗಳಿದ್ದು ಕೆಳಗಡೆ ಕೆಂಪು ದಾರದಂಥ ಹುಳುಗಳು ಮಾತ್ರ ಇದ್ದರೆ, ಬಹಳ ದಿನಗಳಿಂದ ಆಮ್ಲಜನಕದ ಕೊರತೆ ಇದೆ. ಕಲ್ಲಿನ ಮೇಲೆ ಬೂದು ಬಣ್ಣದ, ನೆನೆದ ಹತ್ತಿಯಂಥ ಲೋಳೆ ಬೆಳೆದಿದ್ದರೆ ಕೊಳಚೆ ನಿರಂತರವಾಗಿ ಬರುತ್ತಿದೆ. ಪೈಪಿನ ಬಾಯಲ್ಲಿ ಪಾಚಿ, ಹುಳು, ಲೋಳೆ ಯಾವುದೂ ಇಲ್ಲದೆ ಕಲ್ಲುಗಳು ತೊಳೆದಂತೆ ಬರಿದಾಗಿದ್ದರೆ? ಅದು ಸ್ವಚ್ಛತೆಯಲ್ಲ. ಸೋಂಕುನಾಶಕ ಹೆಚ್ಚಾಗಿ ಬರುತ್ತಿರುವ ಅನುಮಾನವಿರಲಿ. ಬಾಟಲಿ ಒಂದು ಕ್ಷಣವನ್ನು ಹೇಳಿದರೆ ಈ ಜೀವಿಗಳು ಹಿಂದಿನ ವಾರಗಳ ಕಥೆ ಹೇಳುತ್ತವೆ.

ಹಂತ 8: ಆಸ್ಪತ್ರೆಯವರ ಜೊತೆ ಮಾತು

ಒಂದೇ ಸಲದ ಅಂಕಿ ಹಿಡಿದು ಹೋಗಬೇಡಿ. ಬೇರೆ ಬೇರೆ ವಾರ, ಕನಿಷ್ಠ ಮೂರು ಸಲ, ಅದರಲ್ಲಿ ಒಮ್ಮೆಯಾದರೂ ನೀರು ಕಡಿಮೆ ಇರುವ ಕಾಲದಲ್ಲಿ ಮಾಡಿ. ನಂತರ ಮೊದಲು ಆಸ್ಪತ್ರೆಯ ಎಂಜಿನಿಯರ್ ಇಲ್ಲವೇ ಸೋಂಕು ನಿಯಂತ್ರಣ ನೋಡಿಕೊಳ್ಳುವವರನ್ನು ಕಾಣಿ. ನನ್ನ ಅನುಭವದಲ್ಲಿ ಅವರಲ್ಲಿ ಬಹಳ ಮಂದಿಗೆ ತಮ್ಮ ನೀರು ಎಲ್ಲಿಗೆ ಹೋಗುತ್ತದೆ ಎಂದು ನಿಜಕ್ಕೂ ಗೊತ್ತಿರುವುದಿಲ್ಲ. ಗೊತ್ತಾದಾಗ ಕಳವಳಪಡುತ್ತಾರೆ. ಅಲ್ಲಿ ಕೆಲಸ ಆಗದಿದ್ದರೆ ಮಾಲಿನ್ಯ ನಿಯಂತ್ರಿಸುವ ಅಧಿಕಾರಿಗಳಿಗೆ ನಕ್ಷೆ, ಪುಸ್ತಕ, ವರದಿ ಮೂರನ್ನೂ ಕೊಡಿ.

ಬರೀ ದೂರು ಬೇಡ, ಕೇಳಬೇಕಾದದ್ದನ್ನೂ ತೆಗೆದುಕೊಂಡು ಹೋಗಿ. ಉಳಿದ ಔಷಧಿಯನ್ನು ಸಿಂಕಿಗೆ ಸುರಿಯುವುದು ನಿಲ್ಲಲಿ. ಲ್ಯಾಬಿನ ರಾಸಾಯನಿಕ ಬೇರೆ ಡಬ್ಬಿಗೆ ಹೋಗಲಿ. ಹಲ್ಲಿನ ವಿಭಾಗದಲ್ಲಿ ಅಮಾಲ್ಗಮ್ ತಡೆಯುವ ಸಾಧನ ಹಾಕಲಿ. ಸ್ಕ್ಯಾನ್ ಆದ ರೋಗಿಗಳ ಮೂತ್ರವನ್ನು ಬೇರೆ ಚೀಲದಲ್ಲಿ ಸಂಗ್ರಹಿಸುವುದು ಸಾಧ್ಯವೇ ಎಂದು ಕೇಳಿ. ಥೈರಾಯ್ಡ್ ಚಿಕಿತ್ಸೆಗೆ ವಿಕಿರಣ ಅಯೋಡಿನ್ ಕೊಡುವ ಕಡೆ ನೀರನ್ನು ತಡೆದು ನಿಲ್ಲಿಸುವ ತೊಟ್ಟಿ ಇರಬೇಕು. ಅದರ ವಿಕಿರಣ 8 ದಿನಕ್ಕೆ ಅರ್ಧವಾಗುತ್ತದೆ, 80 ದಿನ ಹಿಡಿದಿಟ್ಟರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೊಳೆಯನ್ನು ಮೊದಲು ಜೈವಿಕ ವಿಧಾನದಲ್ಲಿ ತೆಗೆದು, ಆಮೇಲೆ ಕ್ಲೋರಿನ್ ಹಾಕಬೇಕು. ಕೊಳೆ ತುಂಬಿದ ನೀರಿಗೆ ಕ್ಲೋರಿನ್ ಸುರಿದರೆ ಅದು ಕೊಳೆಯ ಜೊತೆ ಸೇರಿ ಹೊಸ ಹಾನಿಕಾರಕ ವಸ್ತುಗಳಾಗುತ್ತವೆ. ಸಾಮಾನ್ಯ ಘಟಕದಲ್ಲಿ ಕಾರ್ಬಮಜೆಪಿನ್‌ನಂಥ ಔಷಧಿ ಹೆಚ್ಚುಕಡಿಮೆ ಹಾಗೇ ದಾಟಿಹೋಗುತ್ತದೆ. ಅದಕ್ಕೆ ಓಝೋನ್ ಅಥವಾ ಆಕ್ಟಿವೇಟೆಡ್ ಇದ್ದಿಲಿನ ಹಂತ ಬೇಕು. ಕಾಂಟ್ರಾಸ್ಟ್ ದ್ರವಕ್ಕೆ ಅವೂ ಪೂರ್ತಿ ಸಾಲುವುದಿಲ್ಲ. ಮೂತ್ರವನ್ನು ಬೇರೆ ಇಡುವ ಮಾತು ಅದಕ್ಕೇ ಬಂದದ್ದು.

ರಿಪೇರಿ ಆದ ಮೇಲೆ ಅವೇ ನಾಲ್ಕು ಜಾಗಗಳಿಗೆ ಮತ್ತೆ ಹೋಗಿ. ಹೊಸ ಕೊಳೆ ಬರುವುದು ನಿಂತರೆ ನೀರಿನ ಆಮ್ಲಜನಕ ಕೆಲವೇ ದಿನಗಳಲ್ಲಿ ಸುಧಾರಿಸಬಹುದು. ಕೆಸರಿನಲ್ಲಿ ಕೂತ ಪಾದರಸ, ಆಂಟಿಬಯೋಟಿಕ್ ಅಷ್ಟು ಬೇಗ ಬಿಡುವುದಿಲ್ಲ. ಹಾಗಾಗಿ ಮುಂದಿನ ವರ್ಷವೂ, ನೀರು ಕಡಿಮೆ ಇರುವ ಅದೇ ಕಾಲದಲ್ಲಿ, ಕೆಸರಿನ ಮಾದರಿಯನ್ನು ಮತ್ತೆ ಕಳಿಸಿ.